ಟ್ರೇಲರ್‌ನ ಪಂಪ್ ನಡುರಾತ್ರಿ ಸದ್ದು ಮಾಡಿದರೆ

ನಲ್ಲಿ ಎಲ್ಲಾ ಬಂದ್ ಇವೆ. ಮಕ್ಕಳು ಮಲಗಿದ್ದಾರೆ. ಆದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಸಿಂಕಿನ ಕೆಳಗಿನಿಂದ ಗರ್ರ್ ಅಂತ ಸದ್ದು. ಎರಡು ಸೆಕೆಂಡು, ಆಮೇಲೆ ಏನೂ ಇಲ್ಲ. ಅಮೆರಿಕದ ಮಿಷಿಗನ್ ಸರೋವರದ ದಡದ ಲುಡಿಂಗ್ಟನ್ ಸ್ಟೇಟ್ ಪಾರ್ಕಿನಲ್ಲಿ ಇಳಿದುಕೊಂಡಿದ್ದೆವು. 'ಇಲಿ ಸೇರ್ಕೊಂಡಿದೆ' ಅಂದಳು ನನ್ನ ಹೆಂಡತಿ. ಇಲಿಯಲ್ಲ, ನೀರಿನ ಪಂಪು.

ನಮ್ಮದು 22 ಅಡಿಯ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್. ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಇದರಲ್ಲಿ ಕೆಡೋದು ಬಹಳ ಇವೆ. ಆದರೆ ನನ್ನ ನಿದ್ದೆ, ದುಡ್ಡು ಎರಡನ್ನೂ ಜಾಸ್ತಿ ತಿಂದಿದ್ದು ನೀರು. ಅದಕ್ಕೇ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಈ ಪಂಪು 12 ವೋಲ್ಟಿನದು. ಪೈಪಿನಲ್ಲಿ ಒತ್ತಡ ತುಂಬಿದರೆ ತಾನೇ ನಿಲ್ಲುತ್ತದೆ, ಇಳಿದರೆ ತಾನೇ ಶುರುವಾಗುತ್ತದೆ. ಯಾರೂ ನಲ್ಲಿ ತೆಗೆಯದೆ ಅದು ಓಡಿತು ಅಂದರೆ ಒತ್ತಡ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಆ ರಾತ್ರಿಗೆ ಸ್ವಿಚ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ಹುಡುಕಿ.

ಮೊದಲು ಟಿಶ್ಯೂ ಪೇಪರ್ ತಗೊಳ್ಳಿ. ಸಿಂಕಿನ ಕೆಳಗೆ, ಟಾಯ್ಲೆಟ್ ಹಿಂದೆ, ನೀರು ಕಾಯಿಸುವ ಹೀಟರ್ ಹತ್ತಿರ ಪ್ರತಿ ಜಾಯಿಂಟನ್ನೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಹನಿ ಪೇಪರಿಗೆ ಗೊತ್ತಾಗುತ್ತದೆ. ಎಲ್ಲಾ ಒಣಗಿದ್ದರೆ ಪಂಪಿನ ಒಳಗಿರುವ, ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಮೇಲೆ ಅನುಮಾನಪಡಿ. ನಮ್ಮೂರ ಕಡೆ ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಹಿಡಿಯದಿದ್ದರೆ ಪೈಪಿನ ನೀರು ವಾಪಸ್ ಇಳಿದುಹೋಗುತ್ತಲ್ವಾ? ಇಲ್ಲೂ ಹಾಗೆಯೇ, ನೀರು ಸದ್ದಿಲ್ಲದೆ ಟ್ಯಾಂಕಿಗೆ ಹಿಂದಿರುಗುತ್ತದೆ. ಸಾಮಾನ್ಯವಾಗಿ ಕಾರಣ ಒಂದು ಸಣ್ಣ ಪ್ಲಾಸ್ಟಿಕ್ ಚೂರು. ಪಂಪಿನ ತಲೆ ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ನನ್ನದು ಎರಡೂ ಆಗಿರಲಿಲ್ಲ. ಕೊನೆಗೆ ಹೊರಗೆ ಹೋಗಿ, ಪಾರ್ಕಿನ ಹೋಸ್ ಹಾಕುವ ಬಾಯಿಯ ಕೆಳಗೆ ಅಂಗೈ ಸವರಿದೆ. ಒದ್ದೆ! ಅಲ್ಲೂ ಒಂದು ಚೆಕ್ ವಾಲ್ವ್ ಇದೆ. ಹೋಸ್ ಹಾಕದೆ ಪಂಪಿನಲ್ಲೇ ನೀರು ಬಳಸುವಾಗ ನೀರು ಆ ದಾರಿಯಲ್ಲಿ ಆಚೆ ಬರದಂತೆ ತಡೆಯೋದು ಅದರ ಕೆಲಸ. ಹೊಸದನ್ನು ಹಾಕಿದ ರಾತ್ರಿ ಇಲಿಯೂ ಹೋಯಿತು.

ಸದ್ದು ನಿಲ್ಲದೆ ಓಡಿ, ನಲ್ಲಿಯಲ್ಲಿ ಪುಸ್ ಪುಸ್ ಅಂತ ಗಾಳಿ ಬಂದರೆ ಕಥೆ ಬೇರೆ. ಟ್ಯಾಂಕ್ ಖಾಲಿಯಾಗಿದೆ, ಇಲ್ಲವೇ ಪಂಪಿನ ಮುಂದಿನ ಜಾಲರಿಯ ಮುಚ್ಚಳ ಸಡಿಲವಾಗಿ ಗಾಳಿ ಎಳೆಯುತ್ತಿದೆ. ಪಂಪು ಸದ್ದೇ ಮಾಡದಿದ್ದರೆ ಮೊದಲು ಫ್ಯೂಸ್, ಆಮೇಲೆ ಬ್ಯಾಟರಿ ನೋಡಿ. ಲೆಡ್ ಆಸಿಡ್ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ನೆ ಬಿಟ್ಟು ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.1ಕ್ಕೆ ಬಂದರೆ ಅರ್ಧ ಖಾಲಿ.

ಇನ್ನು ಚಳಿಗಾಲ. ಇಲ್ಲಿ ಅಕ್ಟೋಬರಿನಲ್ಲೇ ನೀರು ಹೆಪ್ಪುಗಟ್ಟುವ ರಾತ್ರಿಗಳು ಶುರು. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಪೈಪು ಸೀಳುತ್ತದೆ. ಅದಕ್ಕೇ ನೀರು ತೆಗೆದು, ಚಳಿಗೆ ಹೆಪ್ಪುಗಟ್ಟದ ಆಂಟಿಫ್ರೀಜ್ ದ್ರವ ತುಂಬಿಡಬೇಕು. ಮೊದಲ ವರ್ಷ ನಾನು ಎಲ್ಲಾ ಮಾಡಿದೆ, ಹೊರಗಡೆ ಕಾಲು ತೊಳೆಯಲಿಕ್ಕೆ ಇರುವ ಪುಟ್ಟ ಶವರ್ ಒಂದನ್ನು ಮರೆತೆ. ಏಪ್ರಿಲಿನಲ್ಲಿ ನೀರು ಬಿಟ್ಟಾಗ ಅದರ ಹಿಂದಿನ ಪೈಪು ಉದ್ದಕ್ಕೆ ಸೀಳಿತ್ತು. ಗೋಡೆಯ ಒಳಗೇ ಕಾರಂಜಿ. ಈಗ ಬಾಗಿಲ ಒಳಗೆ ಚೀಟಿ ಅಂಟಿಸಿದ್ದೇನೆ: 'ಒಂಬತ್ತು ಬಾಯಿ'. ಅಡುಗೆಮನೆ, ಬೇಸಿನ್, ಸ್ನಾನದ ಶವರ್, ಹೊರಗಿನ ಶವರ್, ಇವು ನಾಲ್ಕಕ್ಕೂ ಬಿಸಿ ಒಂದು, ತಣ್ಣಗೆ ಒಂದು. ಜೊತೆಗೆ ಟಾಯ್ಲೆಟ್.

ಕೆಲಸದ ಹಿಂದಿನ ದಿನವೇ ಹೀಟರಿನ ಗ್ಯಾಸು, ಕರೆಂಟು ಎರಡೂ ಆಫ್ ಮಾಡಿ. ನೀರು ಪೂರ್ತಿ ತಣ್ಣಗಾದ ಮೇಲೆ ಪಂಪ್ ನಿಲ್ಲಿಸಿ, ಒಳಗೆ ಬಿಸಿನೀರಿನ ನಲ್ಲಿ ತೆಗೆದು ಒತ್ತಡ ಇಳಿಸಿ, ಆಮೇಲಷ್ಟೇ ಹೀಟರಿನ ಬಿರಟೆ ಬಿಚ್ಚಿ. ಬಿಸಿ ಇರುವಾಗ ಬಿಚ್ಚಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಕೆಲವು ಹೀಟರುಗಳ ಬಿರಟೆಗೆ ಒಂದು ಕಡ್ಡಿ ಇರುತ್ತದೆ, ಆನೋಡ್ ರಾಡ್. ಟ್ಯಾಂಕಿನ ಬದಲು ತಾನು ಸವೆಯಲಿ ಅಂತಲೇ ಇಟ್ಟಿರೋದು. ಮುಕ್ಕಾಲು ಭಾಗ ಕರಗಿದ್ದರೆ ಹೊಸದು ಹಾಕಿ.

ಕೆಳಗಿನ ಡ್ರೇನ್‌ಗಳಿಂದ ಉಳಿದ ನೀರು ಬಿಟ್ಟು ಮತ್ತೆ ಮುಚ್ಚಿ. ಬೈಪಾಸ್ ವಾಲ್ವ್ ತಿರುಗಿಸಿ ಹೀಟರನ್ನು ದಾರಿಯಿಂದ ತಪ್ಪಿಸಿ. ಇಲ್ಲದಿದ್ದರೆ ಅದೊಂದೇ 6 ಗ್ಯಾಲನ್, ಅಂದರೆ ಸುಮಾರು 23 ಲೀಟರಿನಷ್ಟು ಆಂಟಿಫ್ರೀಜ್ ಕುಡಿಯುತ್ತದೆ. ಪಂಪಿನ ಹೀರು ಪೈಪನ್ನು ಗುಲಾಬಿ ಬಣ್ಣದ ಆರ್‌ವಿ (ಇಂಥ ಮನೆ-ಗಾಡಿಯ) ಆಂಟಿಫ್ರೀಜ್ ಕ್ಯಾನಿಗೆ ಇಳಿಸಿ. ಕಾರಿಗೆ ಹಾಕುವ ಆಂಟಿಫ್ರೀಜ್ ಬೇಡವೇ ಬೇಡ, ಅದು ವಿಷ. ಪಂಪ್ ಹಾಕಿ ಒಂಬತ್ತು ಬಾಯಿಯನ್ನೂ ಒಂದೊಂದಾಗಿ ತೆಗೆಯಿರಿ. ಗುಲಾಬಿ ಬಂದ ಮೇಲೆ ಮುಚ್ಚಿ. ನಮ್ಮದಕ್ಕೆ ಎರಡೂವರೆ ಗ್ಯಾಲನ್ ಸಾಕು. ಪ್ರತಿ ಸಿಂಕಿನ ಬಾಗಿದ ಪೈಪಿಗೂ ಒಂದೊಂದು ಲೋಟ ಸುರಿಯಿರಿ. ಕೊನೆಗೆ ಪಂಪ್ ನಿಲ್ಲಿಸಿ, ಆ ಹೋಸಿನ ಬಾಯಿಯ ಜಾಲರಿ ತೆಗೆದು ನಡುವೆ ಮೊಳೆಯಂತೆ ಕಾಣುವ ಚೆಕ್ ವಾಲ್ವನ್ನು ಒಳಕ್ಕೆ ಒತ್ತಿ. ಅಲ್ಲೂ ಗುಲಾಬಿ ಚಿಮ್ಮಬೇಕು. ಈ ಹೆಜ್ಜೆ ಬಿಟ್ಟಿದ್ದಕ್ಕೇ ನಮಗೆ ಇಲಿ ಬಂದಿದ್ದು ಅಂತ ನನ್ನ ಲೆಕ್ಕ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡಿ. ಖಾಲಿ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ.

ಟೈರಿನ ವಿಷಯ ಒಂದೇ ಮಾತು. ಗೀರು ಕಾಣಿಸದಿದ್ದರೂ ಪಕ್ಕದಲ್ಲಿರುವ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಆರು ವರ್ಷ ದಾಟಿದ್ದನ್ನು ನಾನು ಹೆದ್ದಾರಿಗೆ ಒಯ್ಯುವುದಿಲ್ಲ.

ವಸಂತದಲ್ಲಿ ಗುಲಾಬಿ ಹೋಗುವ ತನಕ ತೊಳೆದು, ಬೈಪಾಸ್ ವಾಪಸ್ ತಿರುಗಿಸಿ ಹೀಟರ್ ತುಂಬಿಸಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬರಬೇಕು. ಅದಕ್ಕೂ ಮುಂಚೆ ಹೀಟರಿನ ಕರೆಂಟ್ ಸ್ವಿಚ್ ಹಾಕಿದರೆ ಎಲಿಮೆಂಟ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಅದಕ್ಕೇ ಆ ಸ್ವಿಚ್ಚಿಗೆ ಅಕ್ಟೋಬರಿನಲ್ಲೇ ಟೇಪ್ ಹಚ್ಚಿರುತ್ತೇನೆ. ಧಾರೆ ಬಂದ ಮೇಲೆ ಕೀಳೋದು.