ಮನೆ ಭೇಟಿಗೆ ಮೇಲಿನವರ ಬೆಂಬಲ ಎಷ್ಟು? ಅಳೆದು ನೋಡಿದ ನನ್ನ ಅನುಭವ

"ತರಬೇತಿಯ ಅಂಕ ನೋಡಿ, ಮನೆ ಭೇಟಿ ಎಣಿಸಿ, ಸಾಕು. ಬೆಂಬಲವನ್ನೆಲ್ಲ ಅಳೆಯೋಕಾಗುತ್ತಾ?" ಎಂದು ನಮಗೆ ಹೇಳದವರೇ ಇಲ್ಲ. ಅಂಗನವಾಡಿ ಟೀಚರ್ ಮನೆಗಳಿಗೆ ಹೋಗಿ ಕೂಸಿನ ಆಟ ನೋಡುವ ಕೆಲಸಕ್ಕೆ ಮೇಲಿನವರು ಕೊಡುವ ಬೆಂಬಲವನ್ನು ಅಳೆಯಬಹುದು. ಅನುದಾನ ನಿಂತ ಮೇಲೆ ಯಾವ ವೃತ್ತದಲ್ಲಿ (ಒಬ್ಬ ಮೇಲ್ವಿಚಾರಕಿಯ ಕೈಕೆಳಗಿನ ಅಂಗನವಾಡಿಗಳ ಗುಂಪು) ಕೆಲಸ ಉಳಿಯುತ್ತದೆ ಎಂದು ಮೊದಲೇ ಬರೆದಿಟ್ಟಿದ್ದೆವು. ಬಹುತೇಕ ಹಾಗೇ ಆಯಿತು.

ನಮ್ಮದು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು. ಐದು ವೃತ್ತ, ನೂರಹತ್ತರ ಆಸುಪಾಸು ಅಂಗನವಾಡಿ. ನಡೆಸಿದ್ದು ಡಬ್ಲ್ಯುಎಚ್‌ಒ ಮತ್ತು ಯುನಿಸೆಫ್‌ನ 'ಕೇರ್ ಫಾರ್ ಚೈಲ್ಡ್ ಡೆವಲಪ್‌ಮೆಂಟ್', ಅಂದರೆ ಪುಟ್ಟ ಮಕ್ಕಳ ಜೊತೆ ಆಡುವುದು, ಮಾತಾಡುವುದು ಹೇಗೆ ಎಂದು ಮನೆಯವರಿಗೆ ತೋರಿಸಿಕೊಡುವ ಕಾರ್ಯಕ್ರಮ. ಇದರಿಂದ ಮಕ್ಕಳಿಗೆ ಉಪಯೋಗವಿದೆಯೇ ಎಂದು ನಾವು ಮತ್ತೆ ಸಾಬೀತು ಮಾಡಬೇಕಿರಲಿಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ ಲೇಡಿ ಹೆಲ್ತ್ ವರ್ಕರ್‌ಗಳ ಮೂಲಕ ನಡೆದ ಅಧ್ಯಯನದ ಫಲಿತಾಂಶ 2014ರಲ್ಲೇ ಬಂದಿದೆ. ನಮ್ಮ ಚಿಂತೆ ಬೇರೆ. ಪ್ರಾಜೆಕ್ಟ್ ಹಣ ಮುಗಿದ ಮೇಲೂ ಟೀಚರ್ ಮನೆಗೆ ಹೋಗ್ತಾರಾ?

ಮೊದಲು ಹೊರಗಿನ ಮಾಪಕಗಳನ್ನೇ ತಂದೆವು. ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರಾದ ಆರನ್ಸ್ ಮತ್ತು ಎರ್‌ಹಾರ್ಟ್ ತಂಡದ್ದು ಎರಡಿವೆ: ಮೇಲ್ವಿಚಾರಕರ ನಾಯಕತ್ವದ ಬಗ್ಗೆ 12 ಪ್ರಶ್ನೆ, ಕೆಲಸದ ವಾತಾವರಣದ ಬಗ್ಗೆ 18. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು ಕಾರ್ಯಕ್ರಮ ಮುಂದೆ ಉಳಿಯುತ್ತದೆಯೇ ಎಂಬುದರ ಬಗ್ಗೆ, 40 ಪ್ರಶ್ನೆಯದು. ಮೂರೂ ಒಳ್ಳೆಯವೇ. ಆದರೆ ಕನ್ನಡ ಮಾಡಿಸಿ ವೃತ್ತ ಸಭೆಯಲ್ಲಿ ಹಂಚಿದರೆ, ಎಲ್ಲರೂ ಒಂದೇ ಕಾಲಂ ಹಿಡಿದು, ಹೆಚ್ಚಿನವರು ಕೊನೆಯದನ್ನೇ, ಮೇಲಿಂದ ಕೆಳಗೆ ಟಿಕ್ ಹಾಕಿ ಕೊಟ್ಟರು. "ನಮ್ ಮೇಡಂ ಭಾಳ ಚೊಲೋ ಅದಾರ್ರೀ" ಅಂದರು. ಹಾಜರಿ ನೋಡುವ, ಗೌರವಧನದ ಕಾಗದ ಮುಂದೆ ಕಳಿಸುವ ಮೇಡಂ (ಮೇಲ್ವಿಚಾರಕಿ) ಎದುರಿಗೇ ಕೂತಿರುವಾಗ ಬೇರೇನು ಬರೆಯುತ್ತಾರೆ? ಇಷ್ಟಾದರೂ ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಸಂಖ್ಯೆ) 0.9 ದಾಟಿತು, ಹಣ ಕೊಟ್ಟವರು ಖುಷಿಪಟ್ಟರು. ಒಂದೇ ಸಾಲಿನಲ್ಲಿ ಟಿಕ್ ಹಾಕಿದರೆ ಆಲ್ಫಾ ಏರದೆ ಇನ್ನೇನಾಗುತ್ತದೆ! ಆ ಸಂಖ್ಯೆ ನೋಡಿ ಯಾರೂ ನಂಬಬೇಡಿ. ಮೊದಲು ಉತ್ತರಗಳು ಎಷ್ಟು ಹರಡಿವೆ ಎಂದು ನೋಡಿ.

ಆಮೇಲೆ ಒಂದು ಏಜೆನ್ಸಿಯನ್ನು ಕೇಳಿದೆವು. ಟ್ಯಾಬ್, ಸಾಫ್ಟ್‌ವೇರ್, ಸರ್ವೇ ಹುಡುಗರು ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಹೇಳಿದರು. ಪ್ರಶ್ನೆಗಳು ಮಾತ್ರ ಅವೇ. ಬೇಡ ಅಂದೆವು.

ಕೊನೆಗೆ ಕೈಹಿಡಿದದ್ದು ಒಂದು ಸರಳ ಬದಲಾವಣೆ. 'ಬೆಂಬಲ ಇದೆಯೇ' ಎಂದು ಕೇಳುವುದನ್ನೇ ಬಿಟ್ಟೆವು. ಕಳೆದ ತಿಂಗಳು ಏನಾಯಿತು ಅಂತ ಮಾತ್ರ ಕೇಳಿದೆವು. ಮೇಡಂ ನಿಮ್ಮ ಜೊತೆ ಒಂದು ಮನೆಗಾದರೂ ಬಂದರಾ? ಬಂದಾಗ ರಿಜಿಸ್ಟರ್ ನೋಡಿದರಾ, ಮಗುವಿನ ಆಟ ನೋಡಿದರಾ? ನೀವು ಮನೆ ಭೇಟಿಗೆ ಹೋದಾಗ ಕೇಂದ್ರದಲ್ಲಿ ಯಾರಿದ್ದರು? ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸವೋ ಇನ್ಯಾವುದೋ ಸರ್ವೇಯೋ ಬಂದಾಗ, ಈ ವಾರ ಯಾವುದನ್ನು ಬಿಡಬಹುದು ಎಂದು ಯಾರಾದರೂ ಹೇಳಿದರಾ? ಇಂಥ ಒಂಬತ್ತು ಪ್ರಶ್ನೆ. ಉತ್ತರ ಹೌದು, ಇಲ್ಲ, ಅಥವಾ ಎಷ್ಟು ಸಲ, ಅಷ್ಟೇ. ನಡೆದದ್ದನ್ನು ಹೇಳುವುದರಲ್ಲಿ ಯಾರ ಮೇಲೂ ದೂರು ಹೇಳಿದಂತಾಗುವುದಿಲ್ಲ ನೋಡಿ, ಅದಕ್ಕೇ ನಿಜ ಬಂತು.

ಕೇಳಿದ್ದು ಫೋನಿನಲ್ಲಿ, ಮಧ್ಯಾಹ್ನ ಕೇಂದ್ರ ಮುಚ್ಚಿದ ಮೇಲೆ. ಕೇಳಿದವರು ಪಕ್ಕದ ತಾಲ್ಲೂಕಿನ ನಿವೃತ್ತ ಕಾರ್ಯಕರ್ತೆಯರು. ಅವರಿಗೆ ಒಂದು ಕರೆಗೆ ಅರವತ್ತೋ ಎಪ್ಪತ್ತೋ ರೂಪಾಯಿ ಕೊಟ್ಟೆವು. ರೀಚಾರ್ಜ್, ಪ್ರಿಂಟು, ಒಂದು ದಿನದ ತರಬೇತಿಯ ಊಟ, ಬಸ್ ಖರ್ಚು ಎಲ್ಲ ಸೇರಿ ಒಂದು ಸುತ್ತಿಗೆ ಮೂವತ್ತು ಸಾವಿರ ದಾಟಲಿಲ್ಲ. ಪ್ರಶ್ನೆಗಳ ಕ್ರಮವನ್ನು ಇಲ್ಲಿ ಹೇಳುವುದಿಲ್ಲ, ಒಂಬತ್ತನೆಯ ಪ್ರಶ್ನೆಯನ್ನೂ ಹೇಳುವುದಿಲ್ಲ. ಮೇಲ್ವಿಚಾರಕಿಯರ ಕಿವಿಗೆ ಬಿದ್ದರೆ ಅದಕ್ಕೆ ಮಾತ್ರ ತಯಾರಾಗುತ್ತಾರೆ, ಆ ಪ್ರಶ್ನೆ ಅಲ್ಲಿಗೆ ಸತ್ತಂತೆ.

ನಡುವೆ ಬೇರೆ ಮೂರು ಪ್ರಯೋಗವೂ ಮಾಡಿದೆವು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಮುಚ್ಚಿದ ಡಬ್ಬಿಗೆ ಹುಣಸೆಬೀಜ ಹಾಕಿಸಿ ನೋಡಿದೆವು. ಗುಟ್ಟು ಉಳಿಯಿತು, ಆದರೆ ಯಾವ ಕೇಂದ್ರದ ಉತ್ತರ ಎಂದೇ ತಿಳಿಯಲಿಲ್ಲ. ವೃತ್ತದ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಮಾತು ಎಷ್ಟು, ವರದಿ ಕೇಳುವ ಸಂದೇಶ ಎಷ್ಟು ಎಂದು ಎಣಿಸಿದೆವು. ಎಲ್ಲ ವೃತ್ತದಲ್ಲೂ ವರದಿಯೇ ತುಂಬಿತ್ತು. ಮೂರನೆಯದು ಮಾತ್ರ ಬಂಗಾರ. ಪ್ರತಿ ವೃತ್ತ ಸಭೆಯಲ್ಲಿ ನಮ್ಮವರೊಬ್ಬರು ಗಡಿಯಾರ ಹಿಡಿದು ಕೂತರು. ಎರಡೂವರೆ ಗಂಟೆಯ ಸಭೆಯಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್, ಮೊಟ್ಟೆಯ ಲೆಕ್ಕ, ಫೋಟೋ ಎಲ್ಲ ಮುಗಿದು ಮನೆ ಭೇಟಿಗೆ ಉಳಿದದ್ದು ಎಂಟು ಹತ್ತು ನಿಮಿಷ. ಎರಡು ವೃತ್ತಗಳಲ್ಲಿ ಮಾತ್ರ ಅದು ಮೊದಲ ವಿಷಯ, ಅರ್ಧ ಗಂಟೆ. ಈ ಒಂದು ಅಳತೆ ನಮ್ಮ ಒಂಬತ್ತು ಪ್ರಶ್ನೆಗೂ ಹೆಚ್ಚುಕಡಿಮೆ ಸರಿಸಮ. ಇದಕ್ಕೆ ಖರ್ಚೇ ಇಲ್ಲ!

ಅನುದಾನ ನಿಂತು ವರ್ಷವಾಗುವ ಹೊತ್ತಿಗೆ ಮತ್ತೆ ನೋಡಿದೆವು. ರಿಜಿಸ್ಟರ್ ಮುಟ್ಟಲಿಲ್ಲ, ಅದರಲ್ಲಿ ಎಲ್ಲರೂ ಹೋಗಿದ್ದರು. ತಾಯಂದಿರನ್ನೇ "ಹೋದ ಸಲ ಟೀಚರ್ ಬಂದಾಗ ಕೂಸಿಗೆ ಏನು ಆಡಿಸಿದ್ರಿ?" ಎಂದು ಕೇಳಿದೆವು. ಹೋಗದವರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಸಭೆಯಲ್ಲಿ ಮನೆ ಭೇಟಿಯೇ ಮೊದಲ ವಿಷಯವಾಗಿದ್ದ ಆ ಎರಡು ವೃತ್ತಗಳಲ್ಲಿ ಹತ್ತರಲ್ಲಿ ಏಳು ಟೀಚರ್‌ಗಳು ಇನ್ನೂ ಹೋಗುತ್ತಿದ್ದರು. ನಮ್ಮ ಒಂಬತ್ತು ಪ್ರಶ್ನೆಯ ಅಂಕ ತೀರಾ ಕಡಿಮೆ ಇದ್ದ ವೃತ್ತದಲ್ಲಿ ಹತ್ತರಲ್ಲಿ ಇಬ್ಬರು ಸಿಕ್ಕರೆ ಹೆಚ್ಚು. ಅಲ್ಲಿನ ತರಬೇತಿ ಅಂಕವೇ ತಾಲ್ಲೂಕಿಗೆಲ್ಲ ಜಾಸ್ತಿ ಇತ್ತು ಅನ್ನೋದನ್ನು ಒತ್ತಿ ಹೇಳಬೇಕು. ಐದು ವೃತ್ತ ಬಹಳ ಕಡಿಮೆ ಅಲ್ವಾ ಎಂದು ಕೇಳುತ್ತೀರಿ. ಸರಿ, ಅದಕ್ಕೇ ಒಂದೇ ವೃತ್ತದ ಒಳಗೂ ಹೋಲಿಸಿದೆವು. ಯಾರ ಜೊತೆ ಮೇಡಂ ಮನೆಗೆ ಬಂದಿದ್ದರೋ ಆ ಟೀಚರ್‌ಗಳೇ ಅಲ್ಲೂ ಮನೆ ಭೇಟಿಯನ್ನು ಜಾಸ್ತಿ ಉಳಿಸಿಕೊಂಡಿದ್ದರು.

ಈಗ ಕೇಂದ್ರ ಸರ್ಕಾರದ 'ನವಚೇತನ' ಬಂದಿದೆ. 2024ರದು, ಹುಟ್ಟಿನಿಂದ ಮೂರು ವರ್ಷದವರೆಗಿನ ಚಟುವಟಿಕೆಗಳು ಅದರಲ್ಲಿವೆ. ಇದೂ ಟೀಚರ್ ಕೈಗೇ ಬರುವುದು. ಹೊಸ ಕಾರ್ಡು ಹಂಚುವ ಮೊದಲು ವೃತ್ತ ಸಭೆಗೆ ಒಂದು ಗಡಿಯಾರ ಒಯ್ಯಿರಿ. ನಾವು ಮುಂದಿನ ಸುತ್ತಿನಲ್ಲಿ ಸಹಾಯಕಿಯರಿಗೂ ಫೋನ್ ಮಾಡುತ್ತೇವೆ. ಟೀಚರ್ ಹೊರಗೆ ಹೋದಾಗ ಮೂವತ್ತು ಮಕ್ಕಳನ್ನು ಹಿಡಿದು ಕೂರುವವರು ಅವರೇ, ಇದುವರೆಗೆ ಅವರನ್ನು ಯಾರೂ ಏನೂ ಕೇಳಿಲ್ಲ.