ಇಂಗ್ಲೆಂಡಿನಲ್ಲಿ ಫಾಸ್ಟರ್ ಕೇರರ್ ಆಗುವವರಿಗೆ: ಯಾರನ್ನು ಏನು ಕೇಳಬೇಕು

ಹೆತ್ತವರ ಜೊತೆ ಇರಲಾಗದ ಮಗುವನ್ನು ಕೌನ್ಸಿಲ್ (ಸ್ಥಳೀಯ ಆಡಳಿತ) ಪರವಾಗಿ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರೇ ಫಾಸ್ಟರ್ ಕೇರರ್. ಮನೆ ಸ್ವಂತದ್ದೇ ಇರಬೇಕಾ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಬೇಕಿಲ್ಲ. ಬಾಡಿಗೆ ಮನೆಯೂ ನಡೆಯುತ್ತದೆ, ಮಗುವಿಗೆ ಅಂತ ಒಂದು ರೂಮು ಇದ್ದರಾಯಿತು. ಮದುವೆ ಆಗಿರಬೇಕೆಂದಿಲ್ಲ, ಕೆಲಸ ಬಿಡಲೇಬೇಕೆಂದೂ ಇಲ್ಲ. ವೀಸಾ ವಿಷಯ ಮಾತ್ರ ಮೊದಲ ಫೋನಿನಲ್ಲೇ ಕೇಳಿಬಿಡಿ. ಇಲ್ಲಿ ಖಾಯಂ ನೆಲೆಸುವ ಹಕ್ಕು ಇದ್ದವರೇ ಬೇಕು ಅನ್ನುವ ಕಡೆಗಳು ಸಾಕಷ್ಟಿವೆ.

ನೇರವಾಗಿ ನಿಮ್ಮ ಕೌನ್ಸಿಲ್‌ಗೆ ಸೇರಬಹುದು, ಇಲ್ಲವೇ ಸ್ವತಂತ್ರ ಫಾಸ್ಟರಿಂಗ್ ಏಜೆನ್ಸಿಗೆ. ಏಜೆನ್ಸಿ ಕೊಡುವ ಹಣ ಸಾಮಾನ್ಯವಾಗಿ ಜಾಸ್ತಿ. ಆದರೆ ಕೌನ್ಸಿಲ್ ಮಗುವನ್ನು ಕಳಿಸುವಾಗ ಮೊದಲು ನೋಡುವುದು ತನ್ನದೇ ಕೇರರ್‌ಗಳ ಮನೆಯನ್ನು. ಹಣಕ್ಕಿಂತ ಎರಡು ಪ್ರಶ್ನೆ ಮುಖ್ಯ ಅಂತ ನನ್ನ ಅಭಿಪ್ರಾಯ. ರಾತ್ರಿ 11ಕ್ಕೆ ಫೋನ್ ಮಾಡಿದರೆ ಎತ್ತುವವರು ಯಾರು? ವರ್ಷಕ್ಕೆ ಎಷ್ಟು ದಿನ ರೆಸ್ಪೈಟ್, ಅಂದರೆ ಬೇರೊಬ್ಬ ಕೇರರ್ ಮಗುವನ್ನು ನೋಡಿಕೊಳ್ಳುವ ಬಿಡುವು ಸಿಗುತ್ತದೆ? ಇವಕ್ಕೆ ತಡವರಿಸುವವರ ಹತ್ತಿರ ಸೇರಬೇಡಿ.

ಒಪ್ಪಿಗೆ ಸಿಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಡಿಬಿಎಸ್ ತಪಾಸಣೆ (ಅಪರಾಧ ದಾಖಲೆ ಇದೆಯಾ ಅಂತ ನೋಡುವುದು), ಮೆಡಿಕಲ್, ನಿಮ್ಮನ್ನು ಬಲ್ಲವರ ಮಾತು, ತರಬೇತಿ, ಕೊನೆಗೆ ನಿಮ್ಮ ಅರ್ಜಿ ನೋಡಿ ಶಿಫಾರಸು ಮಾಡುವ ಪ್ಯಾನಲ್. ಭಾರತದ ಪೊಲೀಸ್ ಕ್ಲಿಯರೆನ್ಸ್ ಕೇಳಬಹುದು, ಅದಕ್ಕೆ ಬೇಗ ಅರ್ಜಿ ಹಾಕಿ. ನಿಮ್ಮ ಬಾಲ್ಯ, ಅಪ್ಪ-ಅಮ್ಮ, ಮನೆಯ ಜಗಳ ಎಲ್ಲವನ್ನೂ ಕೆದಕುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹಾಗೇ.

ಮಗು ಬಂದ ಮೇಲೆ ಇಬ್ಬರು ಸೋಶಿಯಲ್ ವರ್ಕರ್ ಇರುತ್ತಾರೆ. ಒಬ್ಬರು ಮಗುವಿನವರು. ಇನ್ನೊಬ್ಬರು, ಸೂಪರ್‌ವೈಸಿಂಗ್ ಸೋಶಿಯಲ್ ವರ್ಕರ್, ನಿಮ್ಮವರು. ನಿಮ್ಮ ಕಷ್ಟ ಕೇಳುವುದೇ ಅವರ ಕೆಲಸ. ನಮ್ಮವರು ಎಡವುವುದು ಇಲ್ಲೇ. ಮನೆಗೆ ಬಂದವರ ಮುಂದೆ 'ಎಲ್ಲಾ ಚೆನ್ನಾಗಿದೆ, ಏನೂ ತೊಂದರೆ ಇಲ್ಲ' ಅನ್ನುವುದು ನಮಗೆ ರೂಢಿ ಅಲ್ವಾ? ಮೂರು ವಾರದಿಂದ ನಿದ್ದೆ ಇಲ್ಲದಿದ್ದರೂ ಅದೇ ಮಾತು. ಕೇಳದೆ ಏನೂ ಬರುವುದಿಲ್ಲ. ಕೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲೂ ಹಾಕಿ. ಕೆಲಸಗಾರರು ಬದಲಾಗುತ್ತಲೇ ಇರುತ್ತಾರೆ, ಬಾಯಿಮಾತು ಅವರ ಜೊತೆಗೇ ಹೋಗಿಬಿಡುತ್ತದೆ.

ಮಗುವಿನ ಬಗ್ಗೆ ನೀವು ಬರೆದಿಡುವ ದಿನಚರಿಯೂ ಹಾಗೇ. 'ಇವತ್ತು ಮೂಡ್ ಸರಿ ಇರಲಿಲ್ಲ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. 'ಅಮ್ಮನನ್ನು ನೋಡಿ 5 ಗಂಟೆಗೆ ಬಂದ. ಶೂ ಬಿಚ್ಚಲಿಲ್ಲ. ಮೆಟ್ಟಿಲ ಮೇಲೆ 40 ನಿಮಿಷ ಕೂತಿದ್ದ. ಊಟ ಬೇಡ ಅಂದ.' ಹೀಗೆ ಬರೆಯಿರಿ. ನಾಲ್ಕು ಸಲ ಇದೇ ಆದರೆ ಕೌನ್ಸೆಲಿಂಗ್ ಕೇಳಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ಮುಂದೆ ಯಾರಾದರೂ ನಿಮ್ಮ ಮೇಲೆ ದೂರು ಕೊಟ್ಟರೂ ಕಾಯುವುದು ಇದೇ. ದೂರು ಒಳ್ಳೆಯ ಕೇರರ್‌ಗಳ ಮೇಲೂ ಬರುತ್ತದೆ. ಅಂದಹಾಗೆ, ಒಂದು ಸಣ್ಣ ಏಟೂ ಹಾಕುವಂತಿಲ್ಲ. ಫಾಸ್ಟರಿಂಗ್ ನಿಯಮದಲ್ಲೇ ನಿಷೇಧವಿದೆ.

ಹೇರ್‌ಕಟ್, ಗೆಳೆಯರ ಮನೆಯಲ್ಲಿ ಮಲಗುವುದು, ಶಾಲಾ ಪ್ರವಾಸಕ್ಕೆ ಸಹಿ: ಯಾವುದಕ್ಕೆ ನೀವೇ ಹೂಂ ಅನ್ನಬಹುದು ಅಂತ ಮೊದಲ ವಾರವೇ ಬರಹದಲ್ಲಿ ಪಡೆಯಿರಿ. ಇದಕ್ಕೆ ಡೆಲಿಗೇಟೆಡ್ ಅಥಾರಿಟಿ ಅನ್ನುತ್ತಾರೆ. ಊರಿಗೆ ಹೋಗುವಾಗ ಮಗುವನ್ನು ಕರೆದೊಯ್ಯಬೇಕಾದರೆ ಕೌನ್ಸಿಲ್ ಒಪ್ಪಬೇಕು, ಎಷ್ಟೋ ಸಲ ಹೆತ್ತವರೂ ಒಪ್ಪಬೇಕು. ಆದ್ದರಿಂದ ಟಿಕೆಟ್‌ಗೆ ಮೊದಲು ಅನುಮತಿ. ಮಗುವಿನ ಫೋಟೊ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬೇಡ. ಅಜ್ಜಿ ಎಷ್ಟೇ ಕೇಳಲಿ.

ಹಣದ ವಿಷಯ. ವಾರವಾರ ಭತ್ಯೆ ಬರುತ್ತದೆ, ಅದಕ್ಕೆ ಸರ್ಕಾರ ಕನಿಷ್ಠ ಮೊತ್ತ ಗೊತ್ತು ಮಾಡಿದೆ. ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಇದೆ: 2023ರ ಏಪ್ರಿಲ್‌ನಲ್ಲಿ ಒಂದು ಮನೆಗೆ ವರ್ಷಕ್ಕೆ 10,000 ಪೌಂಡ್ ಇದ್ದದ್ದನ್ನು 18,140ಕ್ಕೆ ಏರಿಸಿದರು, ಆಮೇಲೂ ಅದು ಏರಿದೆ. ಇದರ ಮೇಲೆ ಪ್ರತಿ ಮಗುವಿಗೆ ವಾರದ ಲೆಕ್ಕದಲ್ಲಿ ಇನ್ನಷ್ಟು ವಿನಾಯಿತಿ. ಹೆಚ್ಚಿನವರಿಗೆ ಕಟ್ಟಲು ಏನೂ ಉಳಿಯುವುದಿಲ್ಲ. ಆದರೂ ಸ್ವಯಂ ಉದ್ಯೋಗಿ ಅಂತ ನೋಂದಾಯಿಸಿ ರಿಟರ್ನ್ ಸಲ್ಲಿಸಬೇಕು. ಪಿಂಚಣಿಗೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್‌ಗೆ ನೀವೇ ಅರ್ಜಿ ಹಾಕಬೇಕು. ಇದನ್ನು ಬಿಟ್ಟವರು ಬಹಳ.

ಶಾಲೆಯಲ್ಲಿ ಇಂಥ ಮಕ್ಕಳಿಗೆ ಅಂತಲೇ ಒಬ್ಬ ಟೀಚರ್ ಇರುತ್ತಾರೆ, ಕೌನ್ಸಿಲ್‌ನಲ್ಲಿ ಇಂಥ ಎಲ್ಲ ಮಕ್ಕಳ ಓದಿನ ಮೇಲೆ ಕಣ್ಣಿಡುವ ವರ್ಚುವಲ್ ಸ್ಕೂಲ್ ಹೆಡ್ ಇರುತ್ತಾರೆ. ಮಗುವಿನ ಹೆಸರಿಗೆ ಪ್ಯೂಪಿಲ್ ಪ್ರೀಮಿಯಂ ಪ್ಲಸ್ ಎಂಬ ಹಣವೂ ಬರುತ್ತದೆ. ಅದು ಯಾವುದಕ್ಕೆ ಖರ್ಚಾಯಿತು ಅಂತ ಮೀಟಿಂಗಿನಲ್ಲಿ ಧೈರ್ಯವಾಗಿ ಕೇಳಿ. ಏಜೆನ್ಸಿಯ ಹೊರಗಿನವರ ಸಲಹೆ ಬೇಕಿದ್ದರೆ ಫಾಸ್ಟರ್‌ಲೈನ್ ಎಂಬ ಸಹಾಯವಾಣಿಗೆ ಫೋನ್ ಮಾಡಿ, ಉಚಿತ. ದಿ ಫಾಸ್ಟರಿಂಗ್ ನೆಟ್‌ವರ್ಕ್ ಎಂಬ ಸೇವಾ ಸಂಸ್ಥೆಯ ಸದಸ್ಯತ್ವದ ಜೊತೆ ಕಾನೂನು ವಿಮೆಯೂ ಬರುತ್ತದೆ. ನಿಮ್ಮ ಏಜೆನ್ಸಿಯೇ ಅದನ್ನು ಮಾಡಿಸಿರಬಹುದು, ವಿಚಾರಿಸಿ.

ಫಾಸ್ಟರಿಂಗ್ ಯೋಚನೆಯೇ ಇಲ್ಲದವರಿಗೂ ಒಂದು ಮಾತು. ಸ್ನೇಹಿತರದೋ ಕಸಿನ್‌ದೋ 16 ತುಂಬದ ಮಗು 28 ದಿನ ಅಥವಾ ಹೆಚ್ಚು ನಿಮ್ಮ ಮನೆಯಲ್ಲಿದ್ದರೆ ಅದು ಪ್ರೈವೇಟ್ ಫಾಸ್ಟರಿಂಗ್. ಮಗುವಿಗೆ ಅಂಗವೈಕಲ್ಯವಿದ್ದರೆ ವಯಸ್ಸಿನ ಮಿತಿ 18. ಮಗುವಿನ ಅಜ್ಜ-ಅಜ್ಜಿ, ಒಡಹುಟ್ಟಿದವರು, ಮಲತಂದೆ-ಮಲತಾಯಿ, ಅಪ್ಪ-ಅಮ್ಮನ ಒಡಹುಟ್ಟಿದವರಿಗೆ ಈ ನಿಯಮವಿಲ್ಲ. ಉಳಿದವರು, ಎಷ್ಟೇ ಹತ್ತಿರದ ಬಳಗವಾದರೂ, ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು. ತುರ್ತಾಗಿ ಬಂದ ಮಗುವಾದರೆ 48 ಗಂಟೆಯೊಳಗೆ.