ನೋವಿಗಾಗಿ ಕಾಯಬೇಡಿ, ದಿನ ಎಣಿಸಿ

"ನೋವೇನೂ ಇಲ್ಲ ಸಿಸ್ಟರ್, ಬರೀ ಗಂಟು ಅಷ್ಟೇ." ಕ್ಯಾನ್ಸರ್ ತಪಾಸಣೆಯ ಕೊಠಡಿಯಲ್ಲಿ ಶುಶ್ರೂಷಕಿಯಾಗಿರುವ ನಾನು ಪದೇ ಪದೇ ಕೇಳುವ ಮಾತಿದು. ಹೇಳುವವರ ದನಿಯಲ್ಲಿ ಸಮಾಧಾನವಿರುತ್ತದೆ, ನನಗೆ ಆ ಸಮಾಧಾನವನ್ನು ಕಂಡೇ ಕಳವಳವಾಗುತ್ತದೆ. ಬಾಯಿ, ಸ್ತನ, ಗರ್ಭಕಂಠ, ಈ ಮೂರು ಕಡೆಯ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವು ಕಾಣಿಸುವ ಹೊತ್ತಿಗೆ ಅದು ಅಕ್ಕಪಕ್ಕದ ಅಂಗಾಂಶಕ್ಕೋ ನರಕ್ಕೋ ಹಬ್ಬಿರಬಹುದು. ಹಾಗಾಗಿ ನನ್ನ ಮೊದಲ ಪ್ರಶ್ನೆ "ನೋವಿದೆಯೇ?" ಎಂಬುದಲ್ಲ, "ಎಷ್ಟು ದಿನದಿಂದ ಇದೆ?" ಎಂಬುದು.

ಬಾಯಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಬಾಯಿ ತೆರೆದು ತೋರಿಸಲು ಹೆಚ್ಚಿನವರಿಗೆ ಸಂಕೋಚವಿಲ್ಲ. ಬೇಕಾಗುವುದು ಒಳ್ಳೆಯ ಬೆಳಕು, ಕೈಗವಸು, ಕೆನ್ನೆ ಸರಿಸಲು ಒಂದು ಚಪ್ಪಟೆ ಕಡ್ಡಿ, ಒಂದು ತುಂಡು ಗಾಜ್ ಬಟ್ಟೆ. ಹಲ್ಲಿನ ಸೆಟ್ ಇದ್ದರೆ ಮೊದಲು ತೆಗೆಸುತ್ತೇನೆ. ಕನ್ನಡಿಯ ಮುಂದೆ ನಿಂತವರು ನಾಲಿಗೆಯ ಮೇಲ್ಭಾಗವನ್ನಷ್ಟೇ ನೋಡಿಕೊಳ್ಳುತ್ತಾರೆ. ನಾನು ನೋಡಬೇಕಾದದ್ದು ನಾಲಿಗೆಯ ಅಂಚು, ಅದರ ಅಡಿಭಾಗ, ಕೆನ್ನೆಯ ಒಳಮೈ, ಕೊನೆಯ ದವಡೆ ಹಲ್ಲಿನ ಹಿಂದಿನ ಮೂಲೆ. ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲಗೆ ಎಳೆದರೆ ಅಂಚು ಪೂರ್ತಿ ಕಾಣುತ್ತದೆ. ಬಿಳಿ ಮಚ್ಚೆ ಕಂಡರೆ ಅದೇ ಬಟ್ಟೆಯಿಂದ ಒರೆಸುತ್ತೇನೆ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ವೈದ್ಯರಿಗೆ ತೋರಿಸಲೇಬೇಕು. ಮಖಮಲ್ಲಿನಂಥ ಕೆಂಪು ಮಚ್ಚೆ ಇನ್ನೂ ಹೆಚ್ಚು ಅನುಮಾನ ಹುಟ್ಟಿಸುವಂಥದ್ದು. ಆಮೇಲೆ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಸಾಧಾರಣ ಹುಣ್ಣಿನ ಅಂಚು ಮೆತ್ತಗಿರುತ್ತದೆ, ಗಟ್ಟಿ ಅಂಚಿನ ಹುಣ್ಣನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಕೊನೆಗೆ, ಅವರದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಲು ಹೇಳುತ್ತೇನೆ. ಅಡಿಕೆ ಅಗಿಯುವ ಕೆಲವರಲ್ಲಿ ಬಾಯಿಯ ಒಳಪದರ ಬಿಗಿಯುತ್ತಾ ಬಂದು ಎರಡು ಬೆರಳೂ ಹಿಡಿಯದಂತಾಗಿರುತ್ತದೆ. "ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ" ಎನ್ನುವವರಿಗೆ ಸ್ಪಷ್ಟವಾಗಿ ಹೇಳುತ್ತೇನೆ: ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕವೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಖಚಿತಪಡಿಸಿದೆ. ಹೆಂಡತಿಯನ್ನೋ ತಾಯಿಯನ್ನೋ ಕರೆತಂದು ಹೊರಗೆ ಕಾಯುವ ಗಂಡಸರನ್ನೂ ಒಳಗೆ ಕರೆದು ಬಾಯಿ ನೋಡುತ್ತೇನೆ. ತಮಗಾಗಿಯೇ ತಪಾಸಣೆಗೆ ಬರುವ ಗಂಡಸರು ಕಡಿಮೆ.

ಈಗ ದಿನಗಳ ಲೆಕ್ಕ. ಬಾಯಿಯ ಹುಣ್ಣಿಗೆ ಎರಡು ವಾರ ಕೊಡಬಹುದು. ಚೂಪಾದ ಹಲ್ಲು ತಾಗಿ ಆದದ್ದಾದರೆ ಹಲ್ಲು ಸರಿಪಡಿಸಿ ಅಷ್ಟು ದಿನ ನೋಡಬಹುದು, ಆಗಲೂ ಮಾಯದಿದ್ದರೆ ತಜ್ಞರ ಬಳಿ ಹೋಗಬೇಕು. ಮೂರು ವಾರ ಕಳೆದರೂ ಬಿಡದ ಕೆಮ್ಮು, ಒಡೆದ ದನಿ, ಕತ್ತಿನ ಗಂಟು ಇವಕ್ಕೂ ಅದೇ ಮಾತು. ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿಯಾದರೂ, ವಾರ ಎಣಿಸುತ್ತಾ ಕೂರುವ ಹಾಗಿಲ್ಲ. ಮಲದಲ್ಲಿ ರಕ್ತ ಬಂದರೆ "ಮೂಲವ್ಯಾಧಿ ಇರಬೇಕು" ಎಂದು ತಾವೇ ತೀರ್ಮಾನಿಸಿ ವರ್ಷಗಟ್ಟಲೆ ತಳ್ಳಿದವರನ್ನು ಕಂಡಿದ್ದೇನೆ. ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು.

ಗರ್ಭಕಂಠದ ತಪಾಸಣೆಗೆ ನಾನು ಹೆಚ್ಚು ಸಮಯ ಇಟ್ಟುಕೊಳ್ಳುತ್ತೇನೆ. ಪರೀಕ್ಷೆ ಕೆಲವೇ ನಿಮಿಷಗಳದ್ದು, ಸಮಯ ಹಿಡಿಯುವುದು ಭಯ ಮತ್ತು ನಾಚಿಕೆ. ಬಾಗಿಲು ಮುಚ್ಚಿ, ಪರದೆ ಎಳೆದು, ಹೊದಿಕೆ ಕೊಟ್ಟು, ಯೋನಿಯನ್ನು ತೆರೆದು ಹಿಡಿಯುವ ಸ್ಪೆಕ್ಯುಲಮ್ ಉಪಕರಣವನ್ನು ಮೊದಲು ಅವರ ಕೈಗೇ ಕೊಡುತ್ತೇನೆ. ತಿರುಗಿಸಿ, ಮುಟ್ಟಿ ನೋಡಿದ ಮೇಲೆ ಅರ್ಧ ಹೆದರಿಕೆ ಇಳಿಯುತ್ತದೆ. "ನೀವು ಸಾಕು ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ ಅಮ್ಮ" ಎಂದು ಹೇಳುತ್ತೇನೆ, ಹೇಳಿದಂತೆ ನಿಲ್ಲಿಸುತ್ತೇನೆ ಕೂಡ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಪರೀಕ್ಷೆಗೆ ಸೌಲಭ್ಯವಿಲ್ಲದ ಕಡೆ ಮಾಡುವ ವಿಧಾನ ಸರಳ: ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ತೆಳು ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುವುದು. ಅಸಹಜ ಕೋಶಗಳಿರುವ ಜಾಗ ದಟ್ಟ ಬಿಳಿ ಬಣ್ಣಕ್ಕೆ ತಿರುಗುತ್ತದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗವೇ ಒಳಕ್ಕೆ ಸರಿದಿರುವುದರಿಂದ ಇದನ್ನು ನೆಚ್ಚಿಕೊಳ್ಳಲಾಗದು, ಅವರಿಗೆ ಬೇರೆ ಪರೀಕ್ಷೆ ಬೇಕು.

ಆ ಒಂದು ನಿಮಿಷದಲ್ಲಿ ನಾನು ಮಾತನಾಡುತ್ತಿರುತ್ತೇನೆ. ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸುಮಾರು ಶೇ 70ರಷ್ಟು ಪ್ರಕರಣಗಳ ಹಿಂದೆ ಇರುವುದು ಈ ವೈರಸ್‌ನ 16 ಮತ್ತು 18 ಎಂಬ ಎರಡೇ ಬಗೆಗಳು. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್‌ಗೆ ಹೆಂಗಸರು ಇನ್ನೂ ಸಾಯುತ್ತಿದ್ದಾರೆ ಎಂಬುದನ್ನು ನನ್ನಿಂದ ಒಪ್ಪಿಕೊಳ್ಳಲಾಗುವುದಿಲ್ಲ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನು 30ರ ವಯಸ್ಸಿನಿಂದ, ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಳ್ಳಬಹುದು. ಎಚ್‌ಐವಿ ಇರುವವರು ಇನ್ನೂ ಮೊದಲೇ, ಇನ್ನೂ ಬೇಗ ಬೇಗ ಮಾಡಿಸಿಕೊಳ್ಳಬೇಕು. ಮಗಳಿಗೆ 9ರಿಂದ 14ರ ನಡುವೆ ಎಚ್‌ಪಿವಿ ಲಸಿಕೆ ಹಾಕಿಸಿ ಎಂದು ತಾಯಂದಿರಿಗೆ ಅಲ್ಲೇ ಹೇಳುತ್ತೇನೆ. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು ಎಂಬುದನ್ನೂ ಸೇರಿಸುತ್ತೇನೆ.

ಸ್ತನದ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಹೊಸ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ಗುಳಿ ಬಿದ್ದ ಚರ್ಮ, ತೊಟ್ಟಿನಿಂದ ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ತೋರಿಸಬೇಕು. ಕೈಗೆ ಗಂಟು ಸಿಗುತ್ತಿದ್ದರೆ, ಸ್ತನದ ಎಕ್ಸ್‌-ರೇ ಆದ ಮ್ಯಾಮೊಗ್ರಾಮ್‌ನಲ್ಲಿ ಏನೂ ಕಾಣಲಿಲ್ಲ ಎಂದು ಅಲ್ಲಿಗೇ ಬಿಡಬಾರದು. "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಹೆದರಿಕೆಯಿಂದ, ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಡವೆನ್ನುವವರ ಪಕ್ಕ ಕುಳಿತು ಮಾತನಾಡುತ್ತೇನೆ: ಬಯಾಪ್ಸಿ ಇಲ್ಲದೆ ಯಾವ ಚಿಕಿತ್ಸೆ ಬೇಕೆಂದು ಗೊತ್ತಾಗುವುದೇ ಇಲ್ಲ, ನಿಜವಾಗಿ ಹರಡಲು ಬಿಡುವುದು ಹೀಗೆ ಕಳೆದುಹೋಗುವ ತಿಂಗಳುಗಳು.

ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ ಎಂಬ ಜಾಹೀರಾತು ತೋರಿಸಿ ಕೇಳುವವರಿದ್ದಾರೆ. ಆರೋಗ್ಯವಂತರಿಗೆ, ರಕ್ತದಲ್ಲಿ ಕ್ಯಾನ್ಸರ್‌ನ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್ ಪರೀಕ್ಷೆಗಳನ್ನು ಹಾಗೆ ಸಾರಾಸಗಟಾಗಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಕ್ಯಾನ್ಸರ್ ಇಲ್ಲದವರಲ್ಲೂ ಆ ಮಾರ್ಕರ್‌ಗಳು ಏರಬಹುದು, ಇರುವವರಲ್ಲೂ ಸಹಜವಾಗಿ ಕಾಣಬಹುದು. ಅದರ ಬದಲು ತಂಬಾಕು ಬಿಡುವುದು, ಮದ್ಯ ಬಿಡುವುದು, ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು, ವಯಸ್ಸಿಗೆ ತಕ್ಕ ತಪಾಸಣೆ ಮಾಡಿಸುವುದು ಎಷ್ಟೋ ಮೇಲು. ಕ್ಯಾನ್ಸರ್‌ಗಳಲ್ಲಿ ಶೇ 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥವನ್ನು ಲೆಕ್ಕಕ್ಕೆ ಹಿಡಿದೇ.

ತಪಾಸಣೆ ಎಡವುವುದು ಹೆಚ್ಚಾಗಿ ಅದರ ಮುಂದಿನ ಹೆಜ್ಜೆಯಲ್ಲಿ. ಅನುಮಾನವಿದೆ ಎಂದು ನಾವು ಕಳುಹಿಸಿದವರಲ್ಲಿ ಎಷ್ಟೋ ಮಂದಿ ದೊಡ್ಡ ಆಸ್ಪತ್ರೆಗೆ ಹೋಗುವುದೇ ಇಲ್ಲ. ಆದ್ದರಿಂದ "ತೋರಿಸಿಕೊಳ್ಳಿ" ಎಂದು ಹೇಳಿ ಸುಮ್ಮನಾಗುವುದಿಲ್ಲ. ಯಾವ ವಿಭಾಗ, ಯಾವ ದಿನ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಅವರ ಎದುರೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಫಲಿತಾಂಶವನ್ನು ಅವರಿಗೇ ತಿಳಿಸುತ್ತೇನೆ, ಮನೆಯಲ್ಲಿ ಫೋನ್ ಎತ್ತಿದವರಿಗಲ್ಲ. ಎಚ್‌ಪಿವಿ ಪಾಸಿಟಿವ್ ಬಂದ ಮಹಿಳೆಗೆ ಎರಡು ವಿಷಯವನ್ನು ತಪ್ಪದೆ ಹೇಳುತ್ತೇನೆ. ಇದು ಕ್ಯಾನ್ಸರ್ ಅಲ್ಲ. ಸೋಂಕು ಎಷ್ಟೋ ವರ್ಷ ಹಳೆಯದಿರಬಹುದಾದ್ದರಿಂದ ಇದರಿಂದ ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಅನುಮಾನಿಸಲು ಆಧಾರವೇ ಇಲ್ಲ. ಮರುಪರೀಕ್ಷೆಯ ದಿನ ಅವರು ಬಾರದಿದ್ದರೆ ಮರುದಿನ ಬೆಳಿಗ್ಗೆ ನನ್ನ ಮೊದಲ ಕರೆ ಅವರಿಗೇ ಹೋಗುತ್ತದೆ.